ನನ್ನ ಮಂತ್ರ ನಾನೇ ಮುಗಿಸುತ್ತೇನೆ

ನಾನು ಉಗ್ಗುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬರೆಯುವಾಗ ಅದು ಯಾರಿಗೂ ಗೊತ್ತಾಗುವುದಿಲ್ಲ. ‘ಮ’ ನನ್ನ ಪರಮ ಶತ್ರು, ನಾನಿರುವುದು ನೋಡಿದರೆ ಮಾರೇನಹಳ್ಳಿಯಲ್ಲಿ. ಎಷ್ಟೋ ವರ್ಷ ಆಟೋದವರಿಗೆ ವಿಜಯನಗರ ಎಂದು ಹೇಳಿ, ಅಲ್ಲಿ ಇಳಿದು ಮನೆಗೆ ನಡೆದುಬಂದವಳು ನಾನು. ಈಗ ಫೋನಿನಲ್ಲೇ ಬುಕ್ ಮಾಡುತ್ತೇನೆ, ಆ ಪೀಡೆ ತೊಲಗಿತು.

ಇಂಥ ನಾನು ಭಾನುವಾರ ಮಧ್ಯಾಹ್ನ ಮಾತ್ರ ಮಂತ್ರವಾದಿ. ಆರ್‌ಪಿಸಿ ಲೇಔಟ್‌ನಲ್ಲಿ ನನ್ನ ಕಾಲೇಜು ಗೆಳತಿಯ ಮನೆಯಿದೆ, ಅದರ ಮಹಡಿಯ ಕೋಣೆಯಲ್ಲಿ ನಾವು ನಾಲ್ವರು ಆಡುತ್ತೇವೆ. ಆಟ ಎಂದರೆ ಕಥೆಯೇ. ಗೆಳತಿಯ ಗಂಡ, ಅವನೂ ನಮ್ಮ ಕ್ಲಾಸಿನವನೇ, ಕಥೆ ನಡೆಸುತ್ತಾನೆ. ಕಾಡು, ಕೋಟೆ, ರಾಕ್ಷಸರೆಲ್ಲ ಅವನ ತಲೆಯಲ್ಲಿ. ಗೆಳತಿ ಬೀಗ ಒಡೆಯುವ ಕಳ್ಳಿ. ನಾಯಂಡಹಳ್ಳಿಯಲ್ಲಿ ಲೇಥ್ ವರ್ಕ್‌ಶಾಪ್ ಇಟ್ಟುಕೊಂಡಿರುವ ಇನ್ನೊಬ್ಬ ಸ್ನೇಹಿತ ಕತ್ತಿವೀರ. ನಾವು ಏನು ಮಾಡುತ್ತೇವೆಂದು ಹೇಳಬೇಕು, ಅದು ಫಲಿಸಿತೋ ಇಲ್ಲವೋ ದಾಳ ಹಾಕಿ ನೋಡಬೇಕು. ಯುದ್ಧವಾದರೆ ನನಗೆ ಆರಾಮ. ಹಾಳೆಯಲ್ಲಿ ಮಂತ್ರದ ಹೆಸರಿನ ಮೇಲೆ ಬೆರಳಿಟ್ಟು ದಾಳ ಉರುಳಿಸಿದರೆ ಕೆಲಸ ಮುಗಿಯಿತು.

ಒಂದು ಭಾನುವಾರ ಕಥೆ ನಡೆಸುವವನು ಹೊಸ ನಿಯಮ ತಂದ. ಯುದ್ಧ ಇಲ್ಲದಾಗ, ಎಂದರೆ ಬಾಗಿಲು ತೆರೆಸುವುದಕ್ಕೆ, ದೀಪ ಹೊತ್ತಿಸುವುದಕ್ಕೆ, ಒಡೆದ ಗಡಿಗೆ ಕೂಡಿಸುವುದಕ್ಕೆ ಮಂತ್ರ ಹಾಕಿದರೆ ಇನ್ನು ದಾಳ ಇಲ್ಲ. ಆಡುವವರೇ ಕನ್ನಡದಲ್ಲಿ ಮಂತ್ರ ಕಟ್ಟಿ, ಗಟ್ಟಿಯಾಗಿ, ಒಂದೇ ಉಸಿರಿಗೆ ಹೇಳಬೇಕು. ತಡವರಿಸಿದರೆ ಮಂತ್ರ ಹಾಳು. ಎಲ್ಲರಿಗೂ ಭಾರಿ ಖುಷಿಯಾಯಿತು. ನಾನು ಅವನ ಮುಖವನ್ನೇ ನೋಡುತ್ತಾ ಕೂತೆ. ಅವನಿಗೆ ನನ್ನ ನೆನಪೇ ಇರಲಿಲ್ಲ! ಕೊಬ್ಬಿನಿಂದ ಅಲ್ಲ. ಇಷ್ಟು ವರ್ಷ ಅವರೆಲ್ಲ ನನ್ನ ಮಾತುಗಳನ್ನು ಅರ್ಧದಲ್ಲೇ ಎತ್ತಿಕೊಂಡು ಮುಗಿಸಿ ಎಷ್ಟು ರೂಢಿಯಾಗಿತ್ತೆಂದರೆ, ನಾನು ಉಗ್ಗುತ್ತೇನೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು.

ಅವತ್ತೇ ಕೋಟೆಯ ಬಾಗಿಲು ಎದುರಾಯಿತು. ನಾನು ಮಂತ್ರ ಶುರುಮಾಡಿದೆ, ‘ತೆ’ ಹತ್ತಿರ ನಿಂತುಬಿಟ್ಟೆ. ಲೇಥ್‌ನವನು ಪಾಪ ಒಳ್ಳೆಯ ಮನಸ್ಸಿನಿಂದಲೇ ‘ತೆರೆದುಕೋ’ ಎಂದು ಮುಗಿಸಿದ. ನಾನು ತಡವರಿಸಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ, ಬಾಗಿಲು ತೆರೆಯಿತು, ಎಲ್ಲರೂ ನನಗೇ ಶಭಾಶ್ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕಥೆ ನಡೆಸುವವನಿಗೆ ಆಗ ಹೊಳೆಯಿತು, ಮುಖ ಸಪ್ಪಗೆ ಮಾಡಿಕೊಂಡ.

“ಸಾರಿ ಕಣೇ, ತಲೆಗೇ ಬರ್ಲಿಲ್ಲ. ನೀನು ಮಾತ್ರ ಡೈಸ್ ಹಾಕು, ಪರವಾಗಿಲ್ಲ.”

ನನ್ನ ಪಿತ್ತ ನೆತ್ತಿಗೇರಿದ್ದು ಆಗ. ಪರವಾಗಿಲ್ಲ ಎನ್ನುವ ಆ ಮಾತನ್ನು ಕೇಳಿಯೇ ನಾನು ಬೆಳೆದದ್ದು. ಸ್ಕೂಲಿನಲ್ಲಿ ಪದ್ಯ ಹೇಳುವ ಸರದಿ ಬಂದಾಗ ಮಿಸ್ಸು ಪರವಾಗಿಲ್ಲ ಕೂತ್ಕೋ ಅನ್ನುತ್ತಿದ್ದರು, ಪದ್ಯ ನನಗೆ ಪೂರ್ತಿ ಬಾಯಿಪಾಠ ಬರುತ್ತಿತ್ತು. ನನಗೆ ಬಂದ ಫೋನಿಗೆ ಅಮ್ಮ ಉತ್ತರ ಕೊಡುತ್ತಿದ್ದಳು. ಹೆಣ್ಣು ನೋಡಲು ಬಂದವರು ನನ್ನನ್ನು ಕೇಳಿದ್ದಕ್ಕೆಲ್ಲ ಅಪ್ಪ ಉತ್ತರ ಹೇಳಿ, ನಮ್ಮ ಹುಡುಗಿ ಮಾತು ಕಮ್ಮಿ ಎಂದು ಸೇರಿಸಿದ್ದ. ನನಗೆ ಮಾತು ಕಮ್ಮಿಯೇ? ನನ್ನೊಳಗೆ ಮಾತು ತುಂಬಿ ತುಳುಕುತ್ತದೆ. ಹೊರಗೆ ಬರುವುದಕ್ಕೆ ಹೊತ್ತು ಹಿಡಿಯುತ್ತದೆ, ಅಷ್ಟೇ.

ನನಗೊಬ್ಬಳಿಗೇ ರಿಯಾಯಿತಿ ಬೇಡ, ನಿಯಮ ಬದಲಾಯಿಸು ಎಂದೆ. ಒಂದೇ ಉಸಿರು ಅನ್ನುವುದು ಹೋಗಬೇಕು, ಯಾರ ಮಂತ್ರಕ್ಕೂ ಹೊತ್ತಿನ ಮಿತಿ ಇರಬಾರದು. ಇನ್ನೊಬ್ಬರ ಮಂತ್ರವನ್ನು ಯಾರು ನಡುವೆ ಬಾಯಿ ಹಾಕಿ ಮುಗಿಸುತ್ತಾರೋ ಅದು ಅವರಿಗೇ ತಗುಲಬೇಕು, ಹೇಳುತ್ತಿದ್ದವರು ಮತ್ತೆ ಮೊದಲಿನಿಂದ ಹೇಳಬೇಕು. ಇಷ್ಟನ್ನು ಹೇಳುವಾಗ ನಾನು ಎಲ್ಲೆಲ್ಲಿ ನಿಂತೆ ಎಂದು ಇಲ್ಲಿ ಚುಕ್ಕಿ ಇಟ್ಟು ತೋರಿಸುವುದಿಲ್ಲ. ಅದೇನು ತಮಾಷೆ ನೋಡುವ ವಸ್ತುವಲ್ಲ. ಆಟ ನಿಧಾನ ಆಗುತ್ತಲ್ಲ ಎಂದು ಅವನು ಗೊಣಗಿದ. ಆಗಲಿ ಎಂದೆ.

ಮುಂದಿನ ವಾರವೇ ಲೇಥ್‌ನವನು ಸಿಕ್ಕಿಬಿದ್ದ. ಕಾವಲುಗಾರನನ್ನು ಮಲಗಿಸುವ ನನ್ನ ಮಂತ್ರಕ್ಕೆ ಅಭ್ಯಾಸಬಲದಿಂದ ಬಾಯಿ ಹಾಕಿ, ಕಥೆಯಲ್ಲಿ ತಾನೇ ನಿದ್ದೆಹೋಗಿ, ಆಮೇಲೆ ನಡೆದ ಯುದ್ಧದುದ್ದಕ್ಕೂ ಕಡಲೆಕಾಯಿ ತಿನ್ನುತ್ತಾ ಕೂತ. ಆಮೇಲೆ ಕಲಿತುಕೊಂಡ. ನಾನು ತಡೆದು ನಿಂತರೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ.

ಆದರೆ ಆ ನಿಯಮ ನಮ್ಮ ನಾಲ್ವರದು. ಮನೆ ಗೆಳತಿಯ ಅತ್ತೆಯದು, ಅವರನ್ನು ನಾನು ಆಂಟಿ ಎನ್ನುತ್ತೇನೆ. ನನ್ನನ್ನು ಕಂಡರೆ ಅವರಿಗೆ ಬಹಳ ಅಕ್ಕರೆ, ‘ಪಾಪ’ ಎಂದು ಸೇರಿಸದೆ ನನ್ನ ವಿಷಯ ಮಾತಾಡುವವರೇ ಅಲ್ಲ. ಒಂದು ದಿನ ಕಥೆಯಲ್ಲಿ ಸೇತುವೆ ಮುರಿದಿತ್ತು, ದೋಣಿ ಆಚೆ ದಡದಲ್ಲಿತ್ತು. ಅದನ್ನು ಕರೆಯುವ ಮಂತ್ರ ಹೇಳುತ್ತಾ ನಾನು ‘ದೋ’ದಲ್ಲಿ ಸಿಕ್ಕಿಕೊಂಡಿದ್ದೆ. ಮೂವರೂ ಸುಮ್ಮನೆ ಕಾಯುತ್ತಿದ್ದರು. ಅಷ್ಟರಲ್ಲಿ ಆಂಟಿ ಕೋಡುಬಳೆ ತಟ್ಟೆ ಹಿಡಿದು ಮೇಲೆ ಬಂದವರು, ನನ್ನ ಮುಖ ನೋಡಿ, ದೋಣಿನಾ ಎಂದು ಮುಗಿಸಿಯೇಬಿಟ್ಟರು.

ಮೂವರೂ ನನ್ನ ಕಡೆ ನೋಡಿದರು. ಆಂಟಿಗೆ ಏನಾಯಿತೆಂದೇ ತಿಳಿಯಲಿಲ್ಲ, ಮಗ ಮುಜುಗರಪಡುತ್ತಾ ನಮ್ಮ ನಿಯಮ ವಿವರಿಸಿದ. ಪಾಪ ಒದ್ದಾಡ್ತಿದ್ಲು, ಸಹಾಯ ಮಾಡಿದೆ, ಅದರಲ್ಲೇನು ತಪ್ಪು ಎಂದು ಅವರು ಕೇಳಿದರು. ಅಮ್ಮ ಆಟದಲ್ಲಿಲ್ಲವಲ್ಲ, ದೋಣಿ ಬಂತು ಅಂತಲೇ ಇಟ್ಟುಕೊಳ್ಳೋಣ ಎಂದು ಅವನು ನನಗೆ ಕಣ್ಣಲ್ಲೇ ಬೇಡಿಕೊಂಡ. ಗೆಳತಿ ಮೇಜಿನ ಕೆಳಗೆ ನನ್ನ ಕೈ ಅದುಮಿದಳು. ಒಪ್ಪಿಬಿಡುವುದು ಸುಲಭವಿತ್ತು. ಅವರಿಗೆ ಎದುರಾಡಿದರೆ ಮುಂದಿನ ಭಾನುವಾರ ಈ ಮಹಡಿ ಹತ್ತಲು ಮುಖ ಇರುತ್ತದೋ ಇಲ್ಲವೋ ಎಂಬ ಭಯವೂ ಆಯಿತು. ಆದರೆ ಇವತ್ತು ಬಿಟ್ಟರೆ, ನಾನು ನನ್ನ ಮಾತು ಮುಗಿಸುವುದೆಂದರೆ ದೊಡ್ಡವರಿಲ್ಲದಾಗ ಆಡುವ ಆಟ ಮಾತ್ರ ಎಂದಾಗಿಬಿಡುತ್ತಿತ್ತು. ಅವನು ನನ್ನ ಪರವಾಗಿ ಅಮ್ಮನಿಗೆ ಏನೋ ಹೇಳಹೊರಟ. ನಾನು ಕೈಯೆತ್ತಿ ತಡೆದು, ಅವರ ಕಡೆ ತಿರುಗಿದೆ.

“ಆಂಟಿ, ನಾನು ಒದ್ದಾಡ್ತಾ ಇಲ್ಲ. ನಂಗೆ ಟೈಮ್ ಬೇಕು ಅಷ್ಟೆ. ನೀವು ಕಾಯ್ಬೇಕು.”

ಅಷ್ಟು ಹೇಳಿ ಮುಗಿಸುವ ಹೊತ್ತಿಗೆ ನನ್ನ ಕುತ್ತಿಗೆಯ ನರವೆಲ್ಲ ಬಿಗಿದಿತ್ತು. ಕಣ್ಣು ಮಾತ್ರ ತಗ್ಗಿಸಲಿಲ್ಲ. ಅವರ ಮುಖ ಬಿಗಿಯಿತು. ಅವರಿಗೆ ಈ ಮನೆಯಲ್ಲಿ ಹೀಗೆ ಯಾರೂ ಹೇಳಿರಲಾರರು. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದರು. ಕೆಳಗೆ ಹೋಗಿಬಿಡುತ್ತಾರೆ ಅಂದುಕೊಂಡೆ. ಹೋಗಲಿಲ್ಲ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತರು.

“ಸರಿ, ಹೇಳು ಹಾಗಾದ್ರೆ.”

ಮೊದಲಿನಿಂದ ಶುರುಮಾಡಿದೆ. ‘ದೋ’ದಲ್ಲಿ ಮತ್ತೆ ನಿಂತೆ, ಮೊದಲಿಗಿಂತ ಹೆಚ್ಚು ಹೊತ್ತು. ಆಂಟಿಯ ತುಟಿ ಒಂದು ಸಲ ಅಲುಗಿತು, ಅವರೇ ಅದನ್ನು ಕಚ್ಚಿ ಹಿಡಿದರು. ನಾನು ಅವಸರ ಮಾಡಲಿಲ್ಲ. ದೋಣಿ ಬಂತು.