ಮುಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು ಕುಳಿತವರು

ನಾನು ಒಬ್ಬ ಹೆಂಗಸಿನ ಕೈ ಮುರಿದಿದ್ದೇನೆ ಎಂಬ ಸಂಗತಿ ನನಗೇ ತಿಳಿದದ್ದು ಮಾರ್ಗಶಿರದ ಒಂದು ಸೋಮವಾರ ಮಧ್ಯಾಹ್ನ, ಫೋನಿನಲ್ಲಿ. ಯಲ್ಲಾಪುರದ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ, ಮನೆ ಶಿರಸಿಯಲ್ಲಿ. ಕರೆ ಮಾಡಿದವರು ನನ್ನ ಕಾರಿನ ವಿಮಾ ಕಂಪನಿಯವರು. ಕಾರ್ತಿಕ ಮಾಸದಲ್ಲಿ ನನ್ನ ಕಾರು ಇನ್ನೊಂದು ಕಾರಿಗೆ ಜೋರಾಗಿ ಡಿಕ್ಕಿ ಹೊಡೆದು, ಅದರ ಮುಂಭಾಗ ಜಖಂ ಆಗಿ, ಮುಂದಿನ ಸೀಟಿನಲ್ಲಿದ್ದ ಮಾಲೀಕರ ಹೆಂಡತಿಯ ಮಣಿಕಟ್ಟು ಮುರಿದಿದೆ ಎಂದು ಅರ್ಜಿ ಬಂದಿದೆಯಂತೆ. ವಿಚಾರಣೆಗೆ ಒಬ್ಬರು ಬರುತ್ತಾರೆ, ನೀವು ಲಿಖಿತ ಹೇಳಿಕೆ ಕೊಡಬೇಕು ಎಂದರು.

ಏರಿನ ಗಣಪನಿಗೆ ನಡೆದುಕೊಳ್ಳುವ ನಿಮ್ಮೆಲ್ಲರ ಮುಂದೆ ಇದನ್ನು ಹೇಳುವಾಗ ನನ್ನ ತಪ್ಪಿನಿಂದಲೇ ಶುರುಮಾಡುತ್ತೇನೆ. ಡಿಕ್ಕಿ ಆದದ್ದು ನಿಜ. ನಾನು ಕಾರು ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಮಂಚಿಕೇರಿ ದಾಟಿ ಶಿರಸಿ ಕಡೆಗೆ ಬರುವಾಗ ಸಿಗುವ ಆ ಏರು ನಿಮಗೆ ಗೊತ್ತು. ಅದರ ತುದಿಯಲ್ಲಿ ಗಣಪನ ಗುಡಿ. ಎಲ್ಲರೂ ಅಲ್ಲಿ ನಿಲ್ಲಿಸಿ ಕೈ ಮುಗಿದು ಹೋಗುತ್ತಾರೆ. ನನಗೆ ಏರಿನಲ್ಲಿ ನಿಲ್ಲಿಸಿದರೆ ಮತ್ತೆ ಹೊರಡಿಸಲು ಬಾರದು, ಸ್ಟೇರಿಂಗ್ ಬಿಟ್ಟು ಕೈ ಮುಗಿಯಲು ಧೈರ್ಯ ಸಾಲದು. ಹಾಗಾಗಿ ಹಾರ್ನ್ ಹಾಕಿ ಹೋಗುತ್ತಿದ್ದೆ. ಗಣಪ ಅದನ್ನೇ ನಮಸ್ಕಾರ ಎಂದು ತೆಗೆದುಕೊಳ್ಳುತ್ತಾನೆ ಎಂದು ನಂಬಿದ್ದೆ.

ಆ ಗುರುವಾರ ಸಂಜೆ, ದೀಪ ಹಚ್ಚುವ ಹೊತ್ತು. ಮುಂದೆ ಹೋಗುತ್ತಿದ್ದ ಲಾರಿ ಏರಿನ ಅರ್ಧದಲ್ಲಿ ನಿಂತಿತು. ನಾನೂ ನಿಂತೆ. ಲಾರಿ ಹೊರಟಾಗ ನನ್ನ ಕಾರು ಮುಂದೆ ಹೋಗುವ ಬದಲು ಹಿಂದೆ ಜಾರಿ, ಹಿಂದಿದ್ದ ಬಿಳಿ ಕಾರಿಗೆ ತಗುಲಿತು. ಇಳಿದು ನೋಡಿದರೆ ಅವರ ನಂಬರ್ ಪ್ಲೇಟ್ ಸೊಟ್ಟಗಾಗಿತ್ತು. ಕಾರಿನವರು ಸಿದ್ದಾಪುರದವರು, ಐವತ್ತರ ಆಸುಪಾಸು. ತಾವಿಳಿದ ಕೂಡಲೇ ಬಾಗಿಲು ಮುಚ್ಚಿ ಅದಕ್ಕೇ ಒರಗಿ ನಿಂತರು. "ಇರ್ಲಿ ಬಿಡಿ ಮೇಡಂ, ಬೇಗ ಹೋಗಕ್ಕು" ಎಂದರು. ನಾನೇ ಬಿಡದೆ, ತಪ್ಪು ನನ್ನದು ಎಂದು ಹೇಳಿ, ಫೋನ್ ನಂಬರನ್ನೂ ವಿಮೆ ಕಾಗದದ ಫೋಟೋವನ್ನೂ ಕೊಟ್ಟೆ.

ನನ್ನ ಅತ್ತೆಗೆ ಎಪ್ಪತ್ತೆಂಟು. ಫೋನ್ ಬಂದ ಸಂಜೆ ಇಷ್ಟೂ ಕೇಳಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಅರಿಶಿನ ಕುಂಕುಮ ಕೊಟ್ಟಾಂಗೆ ಕೊಟ್ಟಿಕ್ಕಿ ಬಂದ್ಯನೇ?"

ಇಪ್ಪತ್ತು ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ನೆನಪನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದರ ಫಲ ಅದೊಂದೇ ಇರಬೇಕು. ಅಂದಿನ ಪುಟ ತೆಗೆದೆ. ಹೀಗಿತ್ತು: "ಏರಿನಲ್ಲಿ ಕಾರು ಹಿಂದೆ ಜಾರಿತು. ಹಿಂದಿನವರ ನಂಬರ್ ಪ್ಲೇಟ್ ಸೊಟ್ಟ. ಕ್ಷಮೆ ಕೇಳಿದೆ. ನಾಚಿಕೆ. ರಾತ್ರಿ ದೋಸೆ, ಎಳ್ಳಿನ ಚಟ್ನಿ." ಚಟ್ನಿ ಯಾವುದೆಂದು ಬರೆದವಳು ಆ ಕಾರಿನಲ್ಲಿ ಎಷ್ಟು ಜನರಿದ್ದರು ಎಂದು ಬರೆದಿರಲಿಲ್ಲ. ಎಷ್ಟು ದೂರ ಜಾರಿದೆ ಎಂದೂ ಬರೆದಿರಲಿಲ್ಲ. ಮೊದಲ ದಿನ ಎರಡು ಅಡಿ ಎಂದುಕೊಂಡೆ. ಮೂರನೆಯ ದಿನಕ್ಕೆ ಅದು ಆರು ಅಡಿಯಾಯಿತು. ವಾರ ಕಳೆಯುವಷ್ಟರಲ್ಲಿ ಗುಡ್ಡದ ಬುಡದವರೆಗೂ ಜಾರಿದ್ದೆನೇನೋ ಎನಿಸತೊಡಗಿತು.

ಎಲ್ಲಕ್ಕಿಂತ ಕಾಡಿದ್ದು ಒಂದು ಚಿತ್ರ. ಆ ಕಾರಿನ ಮುಂದಿನ ಸೀಟು ಖಾಲಿ ಇರಲಿಲ್ಲ. ಗಾಜಿನೊಳಗೆ ಬಿಳಿ ಬಟ್ಟೆ ಕಂಡಿದ್ದೆ, ಅದರ ಮೇಲೆ ಅಡ್ಡಲಾಗಿ ಸೀಟ್ ಬೆಲ್ಟ್. ಮುಖ ನೆನಪಿಗೆ ಬರುತ್ತಿರಲಿಲ್ಲ. ಬಿಳಿ ಸೀರೆಯುಟ್ಟು ಬೆಲ್ಟ್ ಕಟ್ಟಿಕೊಂಡು ಕುಳಿತವರು ಅವರ ಹೆಂಡತಿಯಲ್ಲದೆ ಮತ್ತೆ ಯಾರು? ಒಬ್ಬರ ಕೈ ಮುರಿದು, ಗಂಡನ ಹತ್ತಿರ ಮಾತಾಡಿ, ಮನೆಗೆ ಬಂದು ದೋಸೆ ತಿಂದೆನೇ?

ವಿಚಾರಣೆಗೆ ಬಂದವರು ಹುಬ್ಬಳ್ಳಿ ಕಡೆಯವರು, ಪಾಟೀಲರು. ಚಹಾ ಕುಡಿದು, ಕಾಗದ ಬಿಡಿಸಿ, "ಮೇಡಂ, ಖರೇ ಹೇಳ್ರಿ. ಅವರ ಗಾಡಿಯೊಳಗ ಯಾರರ ಇದ್ರೇನು?" ಎಂದರು.

"ನೋಡಿದ ಖಾತ್ರಿ ಇಲ್ಲ. ಆದರೆ ಮುಂದಿನ ಸೀಟಿನಲ್ಲಿ ಬಿಳಿ ಬಟ್ಟೆ ಇತ್ತು. ಬೆಲ್ಟ್ ಹಾಕಿತ್ತು."

ಪಾಟೀಲರು ಪೆನ್ನು ಕೆಳಗಿಟ್ಟರು. "ಇದನ್ನ ಬರದ್ರ ನಿಮಗ ಕಷ್ಟ ಆಗತೈತ್ರಿ. ಅವರ ಮಾತು ನೀವ ಗಟ್ಟಿ ಮಾಡಿಧಂಗ. ಪೊಲೀಸ್ ಕೇಸೂ ಆಗಬಹುದು."

"ಕಂಡದ್ದು ಅಷ್ಟು. ಇಲ್ಲ ಎಂದು ಹೇಗೆ ಬರೆಯಲಿ?"

ಬರೆದು ಸಹಿ ಹಾಕಿದೆ. ಅವರು ಹೋದ ಮೇಲೆ ಅತ್ತೆಯ ಪಕ್ಕ ಕುಳಿತು, ತಪ್ಪು ಮಾಡಿದೆನಾ ಎಂದು ಕೇಳಿದೆ.

"ಕಂಡದ್ದನ್ನ ಕಂಡೆ ಹೇಳಿ ಹೇಳಿದ್ದೆ. ಮತ್ತೆಂತ ಮಾಡವು?" ಎಂದರು. ಆಮೇಲೆ ಮೆಲ್ಲಗೆ, "ಚಟ್ನಿ ಸುದ್ದಿ ಬರೆಯದು ಬಿಟ್ಟು ಇನ್ಮೇಲೆ ಜನ ಎಣಿಸು" ಎಂದರು.

ಕಾರಿನ ಕೀಲಿಯನ್ನು ದೇವರ ಕೋಣೆಯ ಮೊಳೆಗೆ ತೂಗುಹಾಕಿದೆ. ಇನ್ನು ಮುಟ್ಟುವುದಿಲ್ಲ ಎಂದುಕೊಂಡೆ. ಬಸ್ಸಿನಲ್ಲಿ ಯಲ್ಲಾಪುರಕ್ಕೆ ಹೋಗಿಬರತೊಡಗಿದೆ. ಮೂರನೆಯ ದಿನ ಬಸ್ಸು ಗುಡಿಯ ಮುಂದೆ ನಿಧಾನವಾಯಿತು. ಡ್ರೈವರ್ ಹಣೆ ಮುಟ್ಟಿಕೊಂಡರು. ನನ್ನ ಎರಡೂ ಕೈ ಖಾಲಿ ಇವೆ ಎಂದು ಆಗ ಹೊಳೆಯಿತು. ಆ ದಾರಿಯಲ್ಲಿ ಮೊದಲ ಸಲ ಅವನಿಗೆ ಕೈ ಮುಗಿದೆ. ಗೆಲ್ಲಿಸು ಎಂದು ಕೇಳಲು ಬಾಯಿ ಬರಲಿಲ್ಲ. ನಾನು ಎಷ್ಟು ತಪ್ಪು ಮಾಡಿದ್ದೇನೆಂದು ನನಗೇ ಗೊತ್ತಿರಲಿಲ್ಲವಲ್ಲ. "ನಾನು ಮಾಡಿದ್ದಷ್ಟು ನನ್ನ ತಲೆಗೆ ಬರಲಿ, ಮಾಡದ್ದು ಬರದಿರಲಿ. ಎಷ್ಟು ಎಂದು ನೀನೇ ತೋರಿಸು" ಎಂದೆ. ಇದು ದಿನಚರಿಯಲ್ಲಿದೆ, ನೆನಪಿನಿಂದ ಬರೆದದ್ದಲ್ಲ.

ತೋರಿಸಿದರೆ ಪಂಚಾಮೃತ ಅಭಿಷೇಕ ಮಾಡಿಸುತ್ತೇನೆ ಎಂದು ಅತ್ತೆಗೆ ಹೇಳಿದಾಗ ಅವರಿಗೆ ಅದು ಸರಿಬರಲಿಲ್ಲ. "ಕೆಲಸ ಆದ್ಮೇಲೆ ಕೊಡದು ಲಂಚ. ಮೊದ್ಲೇ ಕೊಟ್ರೆ ಸೇವೆ. ಈ ಆದಿತ್ಯವಾರವೇ ಹೋಪನ. ಕೀಲಿ ತೆಗಿ."

"ಬಸ್ಸಲ್ಲಿ ಹೋಗೋಣ ಅತ್ತೆ."

"ಬಸ್ಸಲ್ಲಿ ಹಾಲು ಚೆಲ್ತು."

ಹೀಗೆ ಹಾಲು, ಮೊಸರು, ತುಪ್ಪ, ಸಕ್ಕರೆ, ಪೇಟೆಯ ಅಂಗಡಿಯಿಂದ ತಂದ ಒಂದು ಬಾಟಲಿ ಜೇನುತುಪ್ಪ, ಬೆಲ್ಟ್ ಕಟ್ಟಿಕೊಂಡ ಅತ್ತೆ, ಇಷ್ಟರೊಂದಿಗೆ ಹದಿನೈದು ದಿನದ ಮೇಲೆ ಕಾರು ಹೊರಡಿಸಿದೆ. ಯಲ್ಲಾಪುರದ ದಿಕ್ಕಿಗೆ ಹೋಗುವಾಗ ಆ ಏರು ಹತ್ತಬೇಕಿಲ್ಲ, ಇಳಿಯುವ ಮೊದಲೇ ಗುಡಿ ಸಿಗುವುದರಿಂದ ಬದುಕಿದೆ.

ಗುಡಿಯ ಭಟ್ಟರು ಸಾಮಾನು ಒಂದೊಂದಾಗಿ ತೆಗೆದಿಟ್ಟರು. ಬಾಟಲಿ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿ, ನಕ್ಕರು. "ಇದೆಂತದು ತಂಗೀ? ಸುತ್ತಲೂ ಜೇನಿರೋ ಊರಿಗೆ ಪೇಟೆ ಬಾಟ್ಲಿ ಹೊತ್ಕಂಡು ಬಂದ್ಯಲೇ. ಗಣಪ ನಗಾಡ್ತ. ಗಾಡಿ ದಾರಿ ಏರಿನ ಬುಡದಿಂದ, ಇಲ್ಲೇ ಕಾಲುದಾರಿಯಲ್ಲಿ ಇಳಿದ್ರೆ ಸುಬ್ರಾಯ ಹೆಗಡೇರ ಮನೆ. ಅವರ ಪೆಟ್ಟಿಗೆ ಜೇನು ಒಂದು ಲೋಟ ಇಸ್ಕಂಡು ಬಾ. ಅಲ್ಲಿವರೆಗೆ ಉಳಿದ ತಯಾರಿ ಮಾಡ್ತೆ."

ಮಂಗ ಬಂದು ಮೊಸರಿಗೆ ಬಾಯಿ ಹಾಕದಂತೆ ಕಾಯಲು ಅತ್ತೆ ಗುಡಿಯಲ್ಲೇ ಕುಳಿತರು. ನಾನೊಬ್ಬಳೇ ಇಳಿದೆ.

ಸುಬ್ರಾಯ ಹೆಗಡೆಯವರ ಅಂಗಳದಂಚಿನಲ್ಲಿ ಸಾಲಾಗಿ ಜೇನುಪೆಟ್ಟಿಗೆಗಳು. ಅವರು ಜೇನು ಸಾಕಿ, ಹುಳು ತುಂಬಿದ ಪೆಟ್ಟಿಗೆಗಳನ್ನು ಬೇಕಾದವರಿಗೆ ಕೊಡುವವರು. ಲೋಟ ತುಂಬುತ್ತಾ, ಯಾವ ಹರಕೆ ಎಂದು ಕೇಳಿದರು. ಕಾರ್ತಿಕದಲ್ಲಿ ಇದೇ ಏರಿನಲ್ಲಿ ನನ್ನ ಕಾರು ಹಿಂದೆ ಜಾರಿ ಸಿದ್ದಾಪುರದವರ ಬಿಳಿ ಕಾರಿಗೆ ತಗುಲಿತ್ತು ಎಂದೆ.

ಲೋಟ ಅಲ್ಲಿಗೇ ನಿಂತಿತು. "ಓಹೋ. ಯನ್ನ ಜೇನಿಗೆ ಗುದ್ದಿದ್ದು ನಿಂಗವಾ?"

ನನಗೆ ಅರ್ಥವಾಗಲಿಲ್ಲ.

"ಎರಡು ತಿಂಗಳಾತು, ಯಾರು ಆ ಪುಣ್ಯಾತ್ಗಿತ್ತಿ ಹೇಳಿ ಹುಡುಕ್ತಾ ಇದ್ದೆ. ಹ್ಯಾಂಡ್ ಬ್ರೇಕ್ ಹೇಳಿ ಒಂದು ಇರ್ತು, ಗೊತ್ತಿದ್ದಾ? ಆ ಬಿಳಿ ಕಾರಲ್ಲಿ ಆನು ಕೊಟ್ಟ ಜೇನುಪೆಟ್ಟಿಗೆ ಇತ್ತು. ಹೊಸ ಮೇಣದ ಎರಿ ಅದು, ಹಪ್ಪಳದಾಂಗೆ. ಇನ್ನು ಚೂರು ಕುಲುಕಿದ್ರೂ ಮುರಿದು ರಾಣಿ ಸಾಯ್ತಿತ್ತು."

ಬೈಸಿಕೊಳ್ಳುತ್ತಲೇ ಕೇಳಿದೆ: "ಪೆಟ್ಟಿಗೆ ಎಲ್ಲಿಟ್ಟಿದ್ದರು?"

"ಎಲ್ಲಿಡದು? ಡಿಕ್ಕಿಯಲ್ಲಿಟ್ರೆ ಕಾವು, ಹಿಂದೆ ಇಟ್ರೆ ಕುಲುಕು. ಕತ್ಲಾಗ್ತಾ ಜೇನೆಲ್ಲ ಒಳಗೆ ಹೋದ್ಮೇಲೆ ಬಾಗಿಲು ಮುಚ್ಚಿ, ಯನ್ನ ಹಳೇ ಬಿಳಿ ಪಂಚೆ ಸುತ್ತಿ, ಮುಂದಿನ ಸೀಟಲ್ಲಿ ಕೂರ್ಸಿ ಆನೇ ಬೆಲ್ಟ್ ಹಾಕಿದ್ದೆ. ಜೇನು ಕೊಡದು ಹೇಳಿರೆ ಹೆಣ್ಣು ಕೊಟ್ಟಾಂಗೆ."

ನಾನು ಜಗಲಿಯ ಮೇಲೆ ಕುಳಿತುಬಿಟ್ಟೆ. ಬಿಳಿ ಬಟ್ಟೆ. ಬೆಲ್ಟ್. ಮುಖ ನೆನಪಿಗೆ ಬಂದಿರಲಿಲ್ಲ, ಏಕೆಂದರೆ ಮುಖವೇ ಇರಲಿಲ್ಲ. ಆ ಮಹನೀಯರು ಬಾಗಿಲಿಗೆ ಒರಗಿ ನಿಂತದ್ದು, ಬೇಗ ಹೋಗಬೇಕೆಂದದ್ದು, ಎಲ್ಲವೂ ಜೇನು ಏಳದಿರಲೆಂದು.

"ಅವರ ಹೆಂಡತಿ?" ಎಂದೆ.

"ಅವಳು ಬೈಂದಿಲ್ಲೆ. ಜೇನು ಕಂಡ್ರೆ ಮಾರು ದೂರ ಓಡ್ತು. ಬಂದಿದ್ರೂ ಹಿಂದಿನ ಸೀಟಲ್ಲಿ ಎರಡು ಖಾಲಿ ಪೆಟ್ಟಿಗೆ, ಸ್ಟ್ಯಾಂಡು. ಕೂರದೆಲ್ಲಿ?"

ಆಗ ನಾನು ಅರ್ಜಿಯ ವಿಷಯ ಹೇಳಿದೆ. ಹೆಗಡೆಯವರು ಲೋಟವನ್ನು ಜಗಲಿಯ ಮೇಲಿಟ್ಟರು. ಒಳಗೆ ಹೋಗಿ ಮೊಬೈಲ್ ತಂದರು. ಜೇನು ಒಯ್ದವರು ಮರುದಿನ ಬೆಳಿಗ್ಗೆ ಸುದ್ದಿ ಕಳಿಸಲೇಬೇಕು, ಇಲ್ಲದಿದ್ದರೆ ಇವರಿಗೆ ಅನ್ನ ಸೇರುವುದಿಲ್ಲವಂತೆ. ಹಾಗೆ ಬಂದ ಧ್ವನಿ ಸಂದೇಶ ಇನ್ನೂ ಇತ್ತು. ಆ ಸಿದ್ದಾಪುರದವರದೇ ದನಿ: "ಹೆಗಡೇರೆ, ಜೇನು ಆರಾಮಾಗಿ ಮುಟ್ತು. ಏರಲ್ಲಿ ಒಬ್ಬರು ಕಾರು ಹಿಂದೆ ತಗಂಡು ಚೂರು ತಾಗ್ಸಿದ್ರು. ಆದ್ರೂ ಒಂದೇ ಒಂದು ಎರಿ ಹರದ್ದಿಲ್ಲೆ."

ಮೇಣದ ಎರಿಯನ್ನೂ ಮುರಿಯದ ಹೊಡೆತಕ್ಕೆ ಮೂಳೆ ಮುರಿದೀತೇ?

"ಇದನ್ನು ಬೇರೆಯವರ ಮುಂದೆ ಹೇಳುತ್ತೀರಾ?" ಎಂದು ಕೇಳಿದೆ.

"ಹೇಳ್ದೆ ಬಿಡ್ತ್ನಾ? ಯನ್ನ ಜೇನು ಕೂತ ಜಾಗದಲ್ಲಿ ಸುಳ್ಳೇ ಹೆಂಡ್ತಿ ಕೂರ್ಸಿದ್ನಲಾ" ಎಂದರು. ಲೋಟ ತುಂಬಿಸಿ ಕೊಟ್ಟು, "ಏರಲ್ಲಿ ಹ್ಯಾಂಡ್ ಬ್ರೇಕ್" ಎಂದು ಮತ್ತೊಮ್ಮೆ ನೆನಪಿಸಿದರು.

ಅಂದು ಅಭಿಷೇಕ ನಡೆಯುವಾಗ ಕಲ್ಲಿನ ಸೊಂಡಿಲಿನ ಮೇಲೆ ಆ ಜೇನು ಇಳಿಯುವುದನ್ನು ನೋಡುತ್ತಾ ಅತ್ತೆಗೆ ಎಲ್ಲ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. "ಹಾಲು ಮೊಸರಿಗೆ ಕಳಿಸಿದ್ರೆ ಈ ಸುದ್ದಿ ಸಿಗ್ತಿತ್ತಿಲ್ಲೆ" ಎಂದಷ್ಟೇ ಹೇಳಿದರು.

ಪಾಟೀಲರು ಹೆಗಡೆಯವರ ಹೇಳಿಕೆ ತೆಗೆದುಕೊಂಡು, ಧ್ವನಿ ಸಂದೇಶ ಕೇಳಿ, ವಾಪಸು ಹೋಗುವಾಗ ನಮ್ಮ ಮನೆಗೆ ಬಂದರು. "ಮೇಡಂ, ಒಂದ ಮಾತು. ಬಿಳಿ ಬಟ್ಟಿ, ಬೆಲ್ಟ್ ಅಂತ ನೀವು ಇವರನ್ನ ಕಂಡ ಮ್ಯಾಲೆ ಹೇಳಿದ್ರ, ಇಬ್ರೂ ಕೂಡಿ ಕಟ್ಟಿದ ಕತಿ ಅಂತಿದ್ದೆ. ನೀವು ಮೊದಲ ಬರದು ಸಹಿ ಮಾಡೀರಿ, ಅದೂ ನಿಮಗ ತ್ರಾಸ ಆಗೂವಂಥಾದ್ದು. ಅದಕ್ಕ ಹೆಗಡೇರ ಮಾತಿಗೆ ತೂಕ ಬಂತ್ರಿ." ಅವರ ಜೇಬಿನಲ್ಲೂ ಒಂದು ಜೇನಿನ ಸೀಸೆ ಇತ್ತು. ಹೆಗಡೆಯವರು ಬರಿಗೈಯಲ್ಲಿ ಕಳಿಸಿರಲಿಲ್ಲ.

ಅರ್ಜಿ ವಾಪಸಾಯಿತು. ಅದಾಗಿ ನಾಲ್ಕು ದಿನಕ್ಕೆ ಒಂದು ಹೆಣ್ಣು ದನಿ ಫೋನ್ ಮಾಡಿತು. "ಅಕ್ಕಾ, ಆ ಕೈ ನಂದು. ಬಟ್ಟೆ ಒಗೆಯೋ ಕಲ್ಲಿನ ಹತ್ರ ಜಾರಿ ನಾನೇ ಮುರ್ಕಂಡದ್ದು. ಕಾಗದದಲ್ಲಿ ಎಂತ ಬರೆದಿದ್ರು ಅಂತ ನಂಗೆ ಮೊನ್ನೆ ಗೊತ್ತಾತು. ಬೇಜಾರು ಮಾಡ್ಕಳಡಿ." ಕೈ ಹೇಗಿದೆ ಎಂದು ಕೇಳಿದೆ. ಕೂಡಿಕೊಳ್ಳುತ್ತಿದೆ ಎಂದರು. ಆ ಮನೆಯವರ ಹೆಸರನ್ನು ನಾನಿಲ್ಲಿ ಬರೆಯದಿರುವುದು ಆ ದನಿಯ ಮೇಲಿನ ಗೌರವಕ್ಕೆ.

ನನ್ನ ಸ್ವಭಾವದಂತೆ ಇದನ್ನೂ ಅನುಮಾನಿಸಿ ನೋಡಿದೆ. ಭಟ್ಟರು ಬಾಟಲಿ ಜೇನು ಸಾಕು ಎಂದಿದ್ದರೆ? ಹೆಗಡೆಯವರು ಮನೆಯಲ್ಲಿ ಇಲ್ಲದಿದ್ದರೆ? ಕಾಕತಾಳೀಯ ಎನ್ನುವವರು ಹಾಗೆಯೇ ಅನ್ನಲಿ. ಆದರೆ ಒಂದು ಸಂಗತಿ ನನ್ನನ್ನು ಬಿಡುವುದಿಲ್ಲ. ನನ್ನ ಮೇಲೆ ನನಗೇ ಇದ್ದ ಅನುಮಾನ ಆ ಬೆಲ್ಟಿನ ಮಾತನ್ನು ಬರೆಸಿತು, ಆ ಮಾತೇ ನನ್ನನ್ನು ಉಳಿಸಿತು. ಆ ಅನುಮಾನವನ್ನೂ ಕೊಟ್ಟವನು ಅವನೇ ಎಂದು ಈಗ ನಂಬಿದ್ದೇನೆ. ಎಷ್ಟು ಎಂದು ತೋರಿಸು ಎಂದು ಕೇಳಿದ್ದೆ. ಕರಾರುವಾಕ್ಕಾಗಿ ತೋರಿಸಿದ: ಒಂದು ಸೊಟ್ಟ ನಂಬರ್ ಪ್ಲೇಟ್. ಅದನ್ನು ನೇರ ಮಾಡಿಸುವ ಖರ್ಚು ನನ್ನದು ಎಂದು ಫೋನ್ ಮಾಡಿದ ಆ ಹೆಂಗಸಿಗೆ ಹೇಳಿ, ಮಾಡಿಸಿಯೂ ಕೊಟ್ಟೆ. ನನ್ನ ತಲೆಗೆ ಬರಬೇಕಾದದ್ದು ಅಷ್ಟೇ, ಬಂದದ್ದೂ ಅಷ್ಟೇ.

ಕೀಲಿ ಮೊಳೆಯಿಂದ ಇಳಿದಿದೆ. ಆ ಏರಿನಲ್ಲಿ ಈಗ ನಾನು ಹಾರ್ನ್ ಹಾಕಿ ಹೋಗುವುದಿಲ್ಲ. ಗುಡಿಯ ಮುಂದೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದೆ ಯಾರಿದ್ದಾರೆಂದು ಕನ್ನಡಿಯಲ್ಲಿ ನೋಡಿ, ಅವರ ಮುಂದಿನ ಸೀಟಿನಲ್ಲಿ ಯಾರಿದ್ದಾರೆಂದೂ ನೋಡಿಕೊಂಡು, ಆಮೇಲೆ ಎರಡೂ ಕೈ ಜೋಡಿಸುತ್ತೇನೆ.