ಗೋಮಾಳಕ್ಕೆ ತೋಡಿದ ಕಂದಕ

ಭಾನುವಾರದ ಊಟ ಮುಗಿದು, ಬಾಯಲ್ಲಿ ಎಲೆಯಡಿಕೆ ಕೆಂಪೇರುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದು ಸ್ಕೂಟರು ಕೆಮ್ಮುತ್ತಿತ್ತು. ಅದು ಬಡಗಿ ಪುಟ್ಟಾಚಾರಿಯದು, ನನ್ನ ಬಾಲ್ಯದ ಗೆಳೆಯನದು. ಎಳವೆಯಲ್ಲೇ ಪೋಲಿಯೊ ಅವನ ಎರಡೂ ಕಾಲುಗಳ ಶಕ್ತಿಯನ್ನು ಕಸಿದುಕೊಂಡಿತು. ಹಿಂಬದಿಯ ಎರಡೂ ಪಕ್ಕಕ್ಕೆ ಪುಟ್ಟ ಚಕ್ರ ಕೂಡಿಸಿಕೊಂಡ ಆ ಸ್ಕೂಟರೇ ಅವನ ಕಾಲು. ವಾರವೆಲ್ಲ ಕೂತಲ್ಲೇ ಉಳಿ ಹಿಡಿದವನು ಭಾನುವಾರ ಊರಾಚೆಯ ಗೋಮಾಳಕ್ಕೆ ಹೋಗಿ, ಆ ಬಟ್ಟಬಯಲಲ್ಲಿ ಮನಸೋ ಇಚ್ಛೆ ಸುತ್ತು ಹಾಕುತ್ತಿದ್ದ. ಹಿಂದೆ ಕೂತ ನಾನು ಹೆದರಿ ಭುಜ ಹಿಡಿದರೆ, "ಯಾಕ್ಲಾ ಮೇಷ್ಟ್ರೇ, ಜೀವದ್ ಮ್ಯಾಲೆ ಅಷ್ಟೊಂದ್ ಆಸೆನಾ? ಗಟ್ಟಿಯಾಗ್ ಇಡ್ಕೊ, ಇವತ್ತು ನಿನ್ ಪಂಚೆ ಆರಿ ಪಾಂಡವಪುರದಲ್ಲಿ ಬೀಳ್ಬೇಕು!" ಎಂದು ನಗುತ್ತಿದ್ದ.

ಗೋಮಾಳ ಸರ್ಕಾರದ ನೆಲವೆಂದು ಕಾಗದ ಹೇಳುತ್ತದೆ. ನಮ್ಮ ಹಿರಿಯರು ಅದನ್ನು ಎಲ್ಲರ ನೆಲವೆಂದೇ ತಿಳಿದಿದ್ದರು. ದನ ಮೇಯುತ್ತಿದ್ದುದೂ ಅಲ್ಲೇ, ಹೋರಿಗಳು ನೊಗ ಕಲಿಯುತ್ತಿದ್ದುದೂ ಅಲ್ಲೇ. ಪುಟ್ಟಾಚಾರಿಯ ಅಪ್ಪ ನಾಗಮಂಗಲದವರಿಗೋ ಕೆ.ಆರ್.ಪೇಟೆಯವರಿಗೋ ಹೊಸ ಗಾಡಿ ಕಟ್ಟಿದರೆ, ಗೋಮಾಳದಲ್ಲಿ ಒಂದು ಸುತ್ತು ಉರುಳಿಸಿ, ಚಕ್ರ ಅಳುತ್ತದೋ ಹಾಡುತ್ತದೋ ಎಂದು ಕಿವಿಗೊಟ್ಟು ಕೇಳದೆ ಗಾಡಿಯನ್ನು ಕೊಡುತ್ತಿರಲಿಲ್ಲ. ಮಗನೂ ಆ ಪದ್ಧತಿ ಬಿಡಲಿಲ್ಲ. ಸ್ಕೂಟರಿಗೆ ಚಕ್ರ ಕೂಡಿಸಿದ ದಿನ ಮೊದಲು ಹೋದದ್ದು ಅಲ್ಲಿಗೇ.

ಆಮೇಲೆ ಪಟ್ಟಣದಿಂದ ದಪ್ಪ ಟೈರಿನ ಜೀಪುಗಳು ಬರತೊಡಗಿದವು. ಕೆಸರು ಹಾರಿಸುವುದೇ ಅವರ ವಿನೋದ. ಯಾರ ವಿನೋದಕ್ಕೂ ನಾನು ಹೊಟ್ಟೆಕಿಚ್ಚು ಪಡುವವನಲ್ಲ; ಆದರೆ ಹುಲ್ಲು ಬೇರುಸಹಿತ ಎದ್ದು, ಗಬ್ಬದ ಹಸುಗಳು ಬೆದರಿ ಓಡಿದಾಗ ಊರೇ ಸೇರಿ ದೂರು ಕೊಟ್ಟಿತು. ಮೊದಲ ಸಹಿ ಪುಟ್ಟಾಚಾರಿಯದೇ.

ಕಂದಾಯ ಇಲಾಖೆಯವರು ಬಂದರು. ಎಲ್ಲ ವಾಹನಗಳಿಗೂ ನಿಷೇಧವೆಂಬ ಬೋರ್ಡು ನೆಟ್ಟರು, ಜೆಸಿಬಿ ತರಿಸಿ ಸುತ್ತಲೂ ಕಂದಕ ತೋಡಿಸಿದರು, ಜನ ದನ ಮೈ ತಿರುಗಿಸಿಕೊಂಡು ನುಸುಳುವಂತೆ ಕಲ್ಲುಕಂಬಗಳ ನಡುವೆ ಒಂದು ಸಂದಿ ಬಿಟ್ಟರು. ನಡೆಯಬಲ್ಲವರಿಗೆ ದಾರಿ!

ಮುಂದಿನ ಭಾನುವಾರ ಜೀಪುಗಳು ಬಂದವು. ಕಂದಕ ಕಂಡದ್ದೇ ಕೇಕೆ ಹಾಕಿ, ಒಂದೊಂದಾಗಿ ಮೂತಿ ಇಳಿಸಿ, ಗರ್ಜಿಸುತ್ತಾ ಆಚೆ ದಡ ಹತ್ತಿದವು. ಸಮತಟ್ಟು ಬಯಲಿನಲ್ಲಿ ಸಿಗದಿದ್ದ ಸಾಹಸವನ್ನು ಸರ್ಕಾರವೇ ಅವರಿಗೆ ತೋಡಿಕೊಟ್ಟಿತ್ತು. ಪಕ್ಕದ ಚಕ್ರಗಳು ಆ ಸಂದಿಯಲ್ಲಿ ತೂರದೆ, ಸ್ಕೂಟರಿನವನು ಮಾತ್ರ ಈಚೆ ದಡದಲ್ಲೇ ಉಳಿದ.

ನಾನು ಫೋನು ಮಾಡಿದ ಮೇಲೆ ಅಧಿಕಾರಿ ಬಂದು ಗಾಲಿಯ ಗುರುತು ನೋಡಿ ತಲೆದೂಗಿದರು. "ಇನ್ನೂ ಆಳ ಮಾಡುಸ್ತೀವಿ ಬುಡಿ ಸಾರ್."

"ಆಳ ಮಾಡಿದಷ್ಟೂ ಅವರಿಗೆ ಖುಷಿ ಕಣ್ರೀ! ಇವನೊಬ್ಬನಿಗೆ ದಾರಿ ಬಿಡಿ" ಎಂದು ಸ್ಕೂಟರಿನ ಮೇಲೆ ಕೂತಿದ್ದ ಪುಟ್ಟಾಚಾರಿಯನ್ನು ತೋರಿಸಿದೆ.

"ಒಬ್ಬರ್ಗೆ ಬುಟ್ರೆ ಎಲ್ಲಾರ್ಗೂ ಬುಡ್ಬೇಕಾಯ್ತದೆ. ರೂಲ್ಸು ಎಲ್ಲಾರ್ಗೂ ಒಂದೇ."

ಒಂದೇ! ಮಿತ್ರರೇ, ಆ ಮಾತಿಗೆ ಉರಿದ ನನ್ನ ಮೈ ಇನ್ನೂ ಆರಿಲ್ಲ. ದಾಟಬಲ್ಲವನಿಗೆ ಆಟವಾಗಿ, ದಾಟಲಾರದವನಿಗೆ ಗೋಡೆಯಾಗುವ ಗುಂಡಿಯನ್ನು ಸಮಾನತೆಯೆಂದು ಕರೆಯುವ ಧೈರ್ಯ ಎಲ್ಲಿಂದ ಬರುತ್ತದೆ? ಶ್ರೀರಂಗಪಟ್ಟಣದ ಬಳಿಯ ದೊಡ್ಡ ಹೆದ್ದಾರಿಗೂ ಸ್ಕೂಟರು ಹತ್ತುವಂತಿಲ್ಲ, ಅದು ವೇಗದವರದಂತೆ. ಗೋಮಾಳಕ್ಕೂ ಇಳಿಯುವಂತಿಲ್ಲ, ಅದು ಹುಲ್ಲಿನದಂತೆ. ಹುಲ್ಲು ಉಳಿಯಲಿ, ನಾವು ಕೇಳಿದ್ದೂ ಅದನ್ನೇ. ಹುಲ್ಲೂ ಉಳಿಯಲಿಲ್ಲವಲ್ಲ!

ಅಧಿಕಾರಿಯ ಜೀಪು ಹೊರಟುಹೋಯಿತು. "ನಡಿಯಪ್ಪ, ಮನೆಗೆ ಹೋಗೋಣ" ಎಂದೆ. ಪುಟ್ಟಾಚಾರಿ ಕದಲಲಿಲ್ಲ. ಕಂದಕದ ಅಂಚಿನಲ್ಲಿ ನಿಂತ ಸ್ಕೂಟರಿನ ಕಿವಿಯನ್ನು ಪೂರ್ತಿ ತಿರುವಿದ. ಚಕ್ರ ಒಂದಿಂಚೂ ಉರುಳಲಿಲ್ಲ, ಇಂಜಿನ್ನು ಮಾತ್ರ ಬಯಲು ನಡುಗುವಂತೆ ಅರಚಿತು. ದೂರದಲ್ಲಿ ಮೇಯುತ್ತಿದ್ದ ಹಸುಗಳು ತಲೆ ಎತ್ತಿ ನೋಡಿದವು.

"ಸಾಕು ನಿಲ್ಲಿಸೋ, ಪೆಟ್ರೋಲು ದಂಡ" ಎಂದು ಕೂಗಿದೆ.

"ಇರ್ಲಿ ಸುಮ್ಕಿರ್ಲಾ. ನಾನಂತೂ ಓಗಂಗಿಲ್ಲ, ಸದ್ದಾದ್ರೂ ಆಚೆಗ್ ಓಗ್ಲಿ."