ಬಾಗಿಲ ಹಿಂದಿನ ಆಯ್ಕೆ ಪಟ್ಟಿ

ನಮ್ಮ ಪಂಚಾಯಿತಿ ಕಚೇರಿಯಲ್ಲಿ ಟೈಪ್‌ರೈಟರ್ ಇರಲಿಲ್ಲ, ಟೈಪಿಸ್ಟ್ ಹುದ್ದೆ ಮಾತ್ರ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಅದಕ್ಕೆ ಅರ್ಜಿ ಕರೆದಾಗ, ಆ ಕೆಲಸ ನನಗಾಗಿಯೇ ಹುಟ್ಟಿದೆ ಎಂದು ನಂಬಿದ ದಡ್ಡಿ ನಾನು. ಎರಡು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹುಣಸೂರಿಗೆ ಹೋಗಿ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದೆ. ಪಿಯುಸಿಯಲ್ಲೂ ಒಳ್ಳೆಯ ಅಂಕಗಳಿದ್ದವು. ಅಂಕದ ಮೇಲೆಯೇ ಆಯ್ಕೆ ಎಂದು ಪ್ರಕಟಣೆಯಲ್ಲಿ ಬರೆದಿತ್ತು. ಅದನ್ನೂ ನಂಬಿದೆ.

ಕೆಲಸ ಸಿಗದಿದ್ದರೆ ನನ್ನ ಪಾಲಿಗೆ ಇದ್ದದ್ದು ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುವುದು. ಅದರ ಅಂಟು ಕೈಗೆ ಹತ್ತಿದರೆ ಸೋಪು ಸವೆಯುತ್ತದೆಯೇ ಹೊರತು ಕಪ್ಪು ಹೋಗುವುದಿಲ್ಲ. ಮುದ್ದೆ ಮುರಿಯುವಾಗಲೂ ಬೆರಳು ಕಹಿ. ಆ ಕಹಿಯಿಂದ ತಪ್ಪಿಸಿಕೊಳ್ಳಲೆಂದೇ ನಾನು ಓದಿದ್ದು.

ಅಪ್ಪ ಒಂದು ಮಾತು ಹೇಳಿದ್ದರು. “ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಬೇಕಲ್ಲವ್ವಾ. ಅಧ್ಯಕ್ಷರ ಮನೆ ತಾವ್ಕೆ ಒಂದ್ಸಲ ಓಗ್ಬರಾನ.”

“ಅಂಕ ಅವೆ ಕಣಪ್ಪ. ಯಾರ ಕಾಲೂ ಇಡಿಯಾದು ಬ್ಯಾಡ” ಎಂದೆ. ಆ ಜಂಬ ನೆನೆದರೆ ಈಗಲೂ ನಗು ಬರುತ್ತದೆ.

ಅರ್ಜಿ ಕೊಟ್ಟ ಮೇಲೆ ವಾರಕ್ಕೆರಡು ಸಲ ಕಚೇರಿಗೆ ಹೋಗಿ, ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ ಜವಾನನನ್ನು ಕೇಳುತ್ತಿದ್ದೆ. “ಪಟ್ಟಿ ಆಕವ್ರಾ ಅಣ್ಣ?”

“ಆಕುದ್ರೆ ಕಾಣ್ದೆ ಇದ್ದಾದಾ? ನೋಡ್ಕಂಡೋಗವ್ವಾ” ಎನ್ನುತ್ತಿದ್ದ. ಹೊರಗಿನ ನೋಟೀಸ್ ಬೋರ್ಡಿನಲ್ಲಿ ಪೋಲಿಯೊ ಹನಿಯ ಹಳೆಯ ಪೋಸ್ಟರ್ ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಒಳಗಿದ್ದಾಗ ಜೋರಾಗಿ ಗಾಳಿ ಎದ್ದಿತು. ಮೇಜಿನ ಕಾಗದಗಳೆಲ್ಲ ಹಾರತೊಡಗಿದವು. ಜವಾನ ಓಡಿಬಂದು, ಸದಾ ಗೋಡೆಗೆ ಒರಗಿಕೊಂಡಿರುತ್ತಿದ್ದ ಬಾಗಿಲನ್ನು ಎಳೆದು ಮುಚ್ಚಿದ. ನೋಡುತ್ತೇನೆ, ಬಾಗಿಲ ಒಳಮೈಗೆ ಆಯ್ಕೆ ಪಟ್ಟಿ! ನಾಲ್ಕೂ ಮೂಲೆಗೆ ಗೋಂದು ಹಚ್ಚಿ ಅಚ್ಚುಕಟ್ಟಾಗಿ ಅಂಟಿಸಿದ್ದರು. ಅಂಕದಲ್ಲಿ ನಾನೇ ಮೊದಲು. ಆಯ್ಕೆಯಾಗಿದ್ದವನು ಕಟ್ಟಕಡೆಯವನು, ಅಧ್ಯಕ್ಷರ ಬಾಮೈದ. ಅವನ ಹೆಸರಿನ ಮುಂದೆ ‘ಅನುಭವ ಉಂಟು’ ಎಂದಿತ್ತು. ಅಕ್ಕನ ಮನೆಯಲ್ಲಿ ಉಂಡು ಪಂಚಾಯಿತಿ ಜಗಲಿಯ ಮೇಲೆ ಮಲಗಿದ್ದು ಬಿಟ್ಟರೆ ಅವನಿಗೆ ಬೇರೆ ಅನುಭವ ಇದ್ದದ್ದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಏಳು ದಿನದೊಳಗೆ ಆಕ್ಷೇಪಣೆ ಸಲ್ಲಿಸತಕ್ಕದ್ದು ಎಂದು ಕೆಳಗೆ ಬರೆದಿತ್ತು. ನಾನು ಓದಿದ್ದು ಒಂಬತ್ತನೆಯ ದಿನ.

ಕಚೇರಿ ತೆರೆದಿದ್ದರೆ ಪಟ್ಟಿ ಗೋಡೆಗೆ ಮುಖ ಹಾಕಿಕೊಂಡಿರುತ್ತದೆ. ಬಾಗಿಲು ಮುಚ್ಚಿದರೆ ಪಟ್ಟಿ ಕಾಣುತ್ತದೆ, ಆದರೆ ನೋಡಬೇಕಾದವರು ಹೊರಗಿರುತ್ತಾರೆ. ಇಷ್ಟು ಬುದ್ಧಿ ಇರುವವರು ನಲ್ಲಿಯಲ್ಲಿ ನೀರು ಬರಿಸಲು ಯಾಕೆ ತಿಣುಕುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ.

ಸಿಟ್ಟಿಗೆ ಅಳು ಬಂತು. ಮರುದಿನವೇ ಹುಣಸೂರಿಗೆ ಹೋಗಿ, ನಾನು ಕಲಿತ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮಿಷನ್ನಿನಲ್ಲಿ ಒಂದೂ ತಪ್ಪಿಲ್ಲದೆ ದೂರು ಟೈಪು ಮಾಡಿ ತಾಲ್ಲೂಕಿನ ಮೇಲಧಿಕಾರಿಗಳಿಗೆ ಕೊಟ್ಟೆ. ಎರಡು ತಿಂಗಳ ಮೇಲೆ ವಿಚಾರಣೆಗೆಂದು ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಜನ ಬಾಗಿಲಿಗೆ ಮುತ್ತಿಕೊಂಡರು.

“ಏನಪ್ಪಾ ಇದು ಸಂತೆ? ಬಾಗಿಲು ಹಾಕು” ಎಂದು ಸಾಹೇಬರು ಜವಾನನಿಗೆ ಗದರಿದರು. ಬಾಗಿಲು ಮುಚ್ಚಿತು. ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದ ಅವರ ಕಣ್ಣೆದುರಿಗೇ ಪಟ್ಟಿ.

“ಇಷ್ಟು ಚೆನ್ನಾಗಿ ಕಾಣ್ತಿದೆಯಲ್ಲಮ್ಮ! ನಿಮಗೆ ಕಾಣಲಿಲ್ವಾ?”

“ಒಂದ್ಸಲ ಬಾಗಿಲು ತೆಗೆಸಿ ಸಾರ್.”

ಜವಾನ ತೆಗೆದ. ಪಟ್ಟಿ ಗೋಡೆಯ ಕಡೆ ಹೋಯಿತು. ಸಾಹೇಬರು ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ “ಹೌದಲ್ಲ” ಎಂದರು. ಅಷ್ಟರಲ್ಲಿ ಅಧ್ಯಕ್ಷರು ಎಳನೀರು ತಂದಿಟ್ಟರು. ಆ ‘ಹೌದಲ್ಲ’ವನ್ನು ನಾನು ಮೂರು ತಿಂಗಳು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ತಿರುಗಿದೆ.

ಕೊನೆಗೆ ಆದೇಶ ಬಂತು. ಆಕ್ಷೇಪಣೆಯ ಅವಧಿ ಮೀರಿರುವುದರಿಂದ ಆಯ್ಕೆಯಲ್ಲಿ ಕೈಹಾಕುವಂತಿಲ್ಲ. ಆದರೆ ಬಾಗಿಲು ತೆರೆದಿದ್ದಾಗ ಪ್ರಕಟಣೆ ಕಾಣುವುದಿಲ್ಲವೆಂಬ ದೂರಿನಲ್ಲಿ ಹುರುಳಿರುವುದರಿಂದ, ಇನ್ನು ಮುಂದೆ ಕಚೇರಿ ವೇಳೆಯಲ್ಲಿ ಬಾಗಿಲನ್ನು ಮುಚ್ಚಿಯೇ ಇಡತಕ್ಕದ್ದು.

ನಾನು ಬ್ಯಾರನ್ ಮುಂದೆ ಕೂತೆ. ಸೊಪ್ಪಿನ ಕಾಲ ಮುಗಿಯುವ ಮುಂಚೆ ಒಂದು ದಿನ ಅಪ್ಪ ಮನೆ ಖಾತೆಯ ನಕಲಿಗೆ ಅರ್ಜಿ ಕೊಟ್ಟು ಬಾ ಎಂದರು. ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡು ಹೋದೆ. ಆದೇಶದ ಪ್ರಕಾರ ಬಾಗಿಲು ಮುಚ್ಚಿತ್ತು. ತಟ್ಟಿದೆ. ಕಿಟಕಿ ಅರ್ಧ ತೆರೆದು ಬಾಮೈದ ಇಣುಕಿದ. ನನ್ನ ಕಾಗದವನ್ನು ನೋಡಿ ಹಾಗೇ ವಾಪಸು ಚಾಚಿದ.

“ಕೈಬರಹ ತಗಳಕಿಲ್ಲ ಕಣವ್ವಾ. ಟೈಪ್ ಮಾಡುಸ್ಕಂಡ್ ಬಾ.”

ಕಪ್ಪು ಕೈಯಲ್ಲಿ ಅರ್ಜಿ ಹಿಡಿದುಕೊಂಡು ಹುಣಸೂರು ಬಸ್ಸಿಗೆ ನಿಂತೆ.